ಡ್ರೈವರ್ ಮತ್ತು ಇಂಟರಪ್ಟ್ ಹ್ಯಾಂಡ್ಲರ್ ನಡುವೆ ಡೆಡ್‌ಲಾಕ್ ಆಗದಂತೆ ನೋಡಿಕೊಳ್ಳುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಾಲಿನ ಡೈರಿಗೆ ತೂಕದ ಯಂತ್ರ, ಬೋರ್‌ವೆಲ್ ಮೋಟರಿಗೆ ನಿಯಂತ್ರಕ ಮಾಡುವ ಯುವ ಎಂಜಿನಿಯರುಗಳು ತಾವು ಬರೆದ, ಸಾಧನ ನಡೆಸುವ ಕೋಡ್ ಆದ ಲಿನಕ್ಸ್ ಡ್ರೈವರ್‌ಗಳನ್ನು ನನಗೆ ತೋರಿಸುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: ಮೇಜಿನ ಮೇಲೆ ವಾರಗಟ್ಟಲೆ ಸರಿಯಾಗಿ ನಡೆದ ಬೋರ್ಡ್ ಊರಿನ ಡೈರಿಗೆ ಹೋದ ಮೇಲೆ ಯಾವಾಗಲೋ ಒಮ್ಮೆ ಕಲ್ಲಿನಂತೆ ನಿಂತುಬಿಡುತ್ತದೆ. ಪ್ಲಗ್ ಕಿತ್ತು ಹಾಕಿದರೆ ಮತ್ತೆ ಸರಿ. ಕೊನೆಗೆ ಒಂದು ವಾಚ್‌ಡಾಗ್ (ಬೋರ್ಡ್ ನಿಂತಾಗ ಅದನ್ನು ರೀಸೆಟ್ ಮಾಡುವ ಟೈಮರ್) ಹಾಕಿ, ತಾನಾಗಿ ರೀಬೂಟ್ ಆಗಲಿ ಎಂದು ಕೈಬಿಡುತ್ತಾರೆ. ಅದು ಪರಿಹಾರವಲ್ಲ. ಬೆಳಗಿನ ಜಾವ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರ ಹಾಲಿನ ಲೆಕ್ಕ ಆ ಯಂತ್ರದಲ್ಲಿದೆ. ಅದು ನಡುವೆ ನಿಲ್ಲಬಾರದು.

ಇಂಥ ಡ್ರೈವರ್‌ಗಳಲ್ಲಿ ಲಾಕ್ (ಒಂದು ಮಾಹಿತಿಯನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಮಾಡುವ ಬೀಗ) ಇಲ್ಲದಿರುವುದು ಅಪರೂಪ. ಯಾರು ಯಾರ ಕೆಲಸವನ್ನು ನಡುವೆ ತಡೆದು ನುಗ್ಗಬಹುದು ಎಂದು ಯೋಚಿಸುವ ಮೊದಲೇ ಲಾಕ್ ಆರಿಸಿರುತ್ತಾರೆ, ತೊಂದರೆ ಅಲ್ಲಿಂದ ಶುರುವಾಗುತ್ತದೆ: ಇಬ್ಬರು ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಇಬ್ಬರೂ ಮುಂದೆ ಹೋಗದಂತಾಗುವ ಡೆಡ್‌ಲಾಕ್. ಆದ್ದರಿಂದ ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ.

ಉದಾಹರಣೆಗೆ ಉದ್ದಕ್ಕೂ ಒಂದೇ ಡ್ರೈವರ್ ಇಟ್ಟುಕೊಳ್ಳುತ್ತೇನೆ: ತೂಕದ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಗುವ ಎಚ್‌ಎಕ್ಸ್711 ಚಿಪ್. ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಲೋಡ್ ಸೆಲ್‌ನ ಸಂಕೇತವನ್ನು 24 ಬಿಟ್ ಸಂಖ್ಯೆಯಾಗಿ, ಸೆಕೆಂಡಿಗೆ 10 ಅಥವಾ 80 ಸಲ ಕೊಡುತ್ತದೆ. ಹೊಸ ಸಂಖ್ಯೆ ಸಿದ್ಧವಾದಾಗ ಅದರ ಡೇಟಾ ಪಿನ್‌ನ ವೋಲ್ಟೇಜ್ ಕೆಳಗಿಳಿಯುತ್ತದೆ. ಅದನ್ನೇ ನಾವು ಇಂಟರಪ್ಟ್ ಆಗಿ, ಅಂದರೆ ಓಡುತ್ತಿರುವ ಕೆಲಸವನ್ನು ತಡೆದು ಹ್ಯಾಂಡ್ಲರ್ ಎಂಬ ಫಂಕ್ಷನ್ ಓಡಿಸುವ ಸೂಚನೆಯಾಗಿ ಬಳಸುತ್ತೇವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಫಂಕ್ಷನ್‌ಗಳ ಹೆಸರನ್ನು ಉಚ್ಚರಿಸುವಂತೆಯೇ ಬರೆದಿದ್ದೇನೆ.

## ಮೊದಲು ಕೈಯಲ್ಲಿ ಇರಬೇಕಾದವು

ಕನಿಷ್ಠ ಎರಡು ಕೋರ್ ಇರುವ ಬೋರ್ಡ್ ಬೇಕು. ಒಂದೇ ಕೋರ್‌ಗೆಂದು ಕಟ್ಟಿದ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ (ಸಿಗುವ ತನಕ ನಿದ್ರಿಸದೆ ಸುತ್ತುತ್ತಾ ಕಾಯುವ ಲಾಕ್) ನಿಜವಾಗಿ ಕಾಯುವುದೇ ಇಲ್ಲ. ಅದು ಪ್ರಿಎಂಪ್ಷನ್ (ಒಂದು ಕೆಲಸವನ್ನು ತಡೆದು ಇನ್ನೊಂದಕ್ಕೆ ಕೋರ್ ಕೊಡುವುದು) ನಿಲ್ಲಿಸಿ ಮುಂದೆ ಹೋಗುತ್ತದೆ. ಅಲ್ಲಿ ತಪ್ಪು ಲಾಕ್ ಬೋರ್ಡನ್ನು ನಿಲ್ಲಿಸುವುದಿಲ್ಲ, ಸದ್ದಿಲ್ಲದೆ ತೂಕವನ್ನು ಕೆಡಿಸುತ್ತದೆ. ಅದೇ ಕೋಡ್ ನಾಲ್ಕು ಕೋರ್‌ನ ಬೋರ್ಡ್‌ಗೆ ಹೋದ ದಿನ ಹ್ಯಾಂಗ್ ಶುರುವಾಗುತ್ತದೆ.

ಕರ್ನಲ್ ಸಂದೇಶಗಳನ್ನು ಪಿಸಿಗೆ ತರುವ ಸೀರಿಯಲ್ ಕನ್ಸೋಲ್ ಕೇಬಲ್ ಬೇಕೇ ಬೇಕು. ಬೋರ್ಡ್ ನಿಂತ ಮೇಲೆ ನೆಟ್‌ವರ್ಕ್ ಮೂಲಕ ಒಳಗೆ ಹೋಗಲು ಬಹುತೇಕ ಆಗುವುದಿಲ್ಲ.

ಪರೀಕ್ಷೆಗಾಗಿ ಪ್ರತ್ಯೇಕ ಕರ್ನಲ್ ಕಟ್ಟಿಕೊಳ್ಳಿ. ಅದರಲ್ಲಿ ಕಾನ್ಫಿಗ್_ಪ್ರೂವ್_ಲಾಕಿಂಗ್, ಕಾನ್ಫಿಗ್_ಡಿಬಗ್_ಅಟಾಮಿಕ್_ಸ್ಲೀಪ್, ಕಾನ್ಫಿಗ್_ಸಾಫ್ಟ್‌ಲಾಕಪ್_ಡಿಟೆಕ್ಟರ್, ಕಾನ್ಫಿಗ್_ಡಿಟೆಕ್ಟ್_ಹಂಗ್_ಟಾಸ್ಕ್, ಕಾನ್ಫಿಗ್_ಮ್ಯಾಜಿಕ್_ಸಿಸ್‌ಆರ್‌ಕ್ಯೂ, ಲಾಕ್ ತಪ್ಪು ಮತ್ತು ಹ್ಯಾಂಗ್ ಹುಡುಕಲು ನೆರವಾಗುವ ಈ ಐದೂ ಆಯ್ಕೆಗಳು ಇರಲಿ. ಬೋರ್ಡ್‌ನಲ್ಲೇ ಕಟ್ಟಲು ಕೂರಬೇಡಿ, ಪಿಸಿಯಲ್ಲಿ ಕ್ರಾಸ್ ಕಂಪೈಲ್ ಮಾಡಿ. ಇವುಗಳ ಜೊತೆಗೆ ಒಂದು ಹಾಳೆ ಮತ್ತು ಪೆನ್ನು.

## ಹಂತ 1: ಯಾರು ಯಾವುದನ್ನು ಮುಟ್ಟುತ್ತಾರೆ, ಹಾಳೆಯ ಮೇಲೆ ಬರೆಯಿರಿ

ಹಂಚಿಕೊಂಡ ಪ್ರತಿ ಮಾಹಿತಿಗೂ ಒಂದು ಸಾಲು. ನಮ್ಮ ಡ್ರೈವರ್‌ನಲ್ಲಿ ಕೊನೆಯ ತೂಕ, ಅದು ಬಂದ ಸಮಯ, ಮಾದರಿಗಳ ಎಣಿಕೆ, ಈ ಮೂರೂ ಒಟ್ಟಿಗೆ ಬದಲಾಗಬೇಕು. ಹಾಗಾಗಿ ಇವು ಮೂರಕ್ಕೂ ಒಂದೇ ಲಾಕ್.

ಸಾಲಿನ ಎದುರು, ಅದನ್ನು ಮುಟ್ಟುವ ಕೋಡ್ ಎಲ್ಲಿಂದ ಓಡುತ್ತದೆ ಎಂದು ಬರೆಯಿರಿ. ಬಿಲ್ಲಿಂಗ್ ಪ್ರೋಗ್ರಾಂ ರೀಡ್ ಕರೆದಾಗ ಓಡುವುದು ಪ್ರೊಸೆಸ್ ಸಂದರ್ಭ. ಇಂಟರಪ್ಟ್ ಬಂದಾಗ ಓಡುವ ಹ್ಯಾಂಡ್ಲರ್ ಹಾರ್ಡ್ ಇಂಟರಪ್ಟ್ ಸಂದರ್ಭ. ಸೆನ್ಸರ್ ಜೀವಂತವಿದೆಯೇ ಎಂದು ಆಗಾಗ ನೋಡುವ ಟೈಮರ್ ಸಾಫ್ಟ್ ಇಂಟರಪ್ಟ್ ಸಂದರ್ಭ. ವರ್ಕ್‌ಕ್ಯೂಗೆ (ನಂತರ ಮಾಡಲು ಇಡುವ ಕೆಲಸಗಳ ಸಾಲು) ಹಾಕಿದ ಕೆಲಸ ಮತ್ತೆ ಪ್ರೊಸೆಸ್ ಸಂದರ್ಭ.

ನುಗ್ಗುವ ನಿಯಮ ಇಷ್ಟು: ಒಂದೇ ಕೋರ್‌ನಲ್ಲಿ ಹಾರ್ಡ್ ಇಂಟರಪ್ಟ್ ಉಳಿದೆಲ್ಲವನ್ನೂ ನಡುವೆ ತಡೆದು ಓಡಬಲ್ಲದು, ಟೈಮರ್ ಪ್ರೊಸೆಸ್ಸನ್ನು ಮಾತ್ರ ತಡೆಯಬಲ್ಲದು, ಪ್ರೊಸೆಸ್ ಇವೆರಡನ್ನೂ ತಡೆಯಲಾರದು. ಬೇರೆ ಬೇರೆ ಕೋರ್‌ಗಳಲ್ಲಿ ಎಲ್ಲವೂ ಏಕಕಾಲಕ್ಕೆ ಓಡಬಹುದು. ತಡೆದು ನುಗ್ಗಿದವನು ಮುಗಿಸುವ ತನಕ ತಡೆಯಲ್ಪಟ್ಟವನು ಒಂದು ಸಾಲೂ ಮುಂದೆ ಹೋಗುವುದಿಲ್ಲ. ಮುಂದಿನ ಎಲ್ಲ ಹಂತಗಳೂ ಈ ಒಂದು ವಾಕ್ಯದ ಮೇಲೆ ನಿಂತಿವೆ.

## ಹಂತ 2: ಹಾಳೆ ನೋಡಿ ಲಾಕ್ ಆರಿಸಿ

ಡೆಡ್‌ಲಾಕ್ ಆಗುವ ಕ್ಷಣವನ್ನು ನಿಧಾನವಾಗಿ ನೋಡೋಣ. ರೀಡ್ ಕೋಡ್ ಸೊನ್ನೆಯನೇ ಕೋರ್‌ನಲ್ಲಿ ಓಡುತ್ತಾ ಬರೀ ಸ್ಪಿನ್_ಲಾಕ್ ಹಿಡಿದಿದೆ. ಅಷ್ಟರಲ್ಲಿ ಚಿಪ್‌ನ ಪಿನ್ ಕೆಳಗಿಳಿದು, ಅದೇ ಕೋರ್‌ಗೆ ಇಂಟರಪ್ಟ್ ಬಂತು. ಹ್ಯಾಂಡ್ಲರ್ ಅದೇ ಲಾಕ್ ಕೇಳಿತು. ಲಾಕ್ ಬಿಡಬೇಕಾದ ರೀಡ್ ಕೋಡ್ ಹ್ಯಾಂಡ್ಲರ್‌ನ ಕೆಳಗೆ ಸಿಕ್ಕಿಕೊಂಡಿದೆ, ಹ್ಯಾಂಡ್ಲರ್ ಮುಗಿದರೆ ಮಾತ್ರ ಅದು ಮುಂದುವರಿಯಬಲ್ಲದು. ಹ್ಯಾಂಡ್ಲರ್ ಲಾಕ್ ಸಿಗದೆ ಮುಗಿಯದು. ಆ ಕೋರ್ ಅಲ್ಲೇ ಸತ್ತಂತೆ.

ಇಂಟರಪ್ಟ್ ಬೇರೆ ಕೋರ್‌ಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಅಲ್ಲಿನ ಹ್ಯಾಂಡ್ಲರ್ ಕೆಲವು ಮೈಕ್ರೊಸೆಕೆಂಡ್ ಕಾದು ಲಾಕ್ ಪಡೆಯುತ್ತಿತ್ತು. ಲಾಕ್ ಹಿಡಿದಿರುವ ಅವಧಿ ಚಿಕ್ಕದು, ಇಂಟರಪ್ಟ್ ಅದೇ ಅವಧಿಯಲ್ಲಿ, ಅದೂ ಅದೇ ಕೋರ್‌ಗೆ ಬೀಳಬೇಕು. ಮೇಜಿನ ಮೇಲೆ ಸಿಗದ ತಪ್ಪು ಡೈರಿಯಲ್ಲಿ ಸಿಗುವುದು ಇದರಿಂದಲೇ.

ಆಯ್ಕೆ ಹೀಗಿರಲಿ. ಹಾಳೆಯ ಆ ಸಾಲಿನಲ್ಲಿ ಹಾರ್ಡ್ ಇಂಟರಪ್ಟ್ ಇದ್ದರೆ, ಪ್ರೊಸೆಸ್ ಮತ್ತು ಟೈಮರ್ ಎರಡೂ ಕಡೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಬಳಸಿ. ಅದು ಲಾಕ್ ಹಿಡಿಯುವ ಮುನ್ನ ಆ ಕೋರ್‌ನ ಇಂಟರಪ್ಟ್‌ಗಳನ್ನು ತಡೆದು, ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತದೆ. ಹ್ಯಾಂಡ್ಲರ್ ಒಳಗೆ ಬರೀ ಸ್ಪಿನ್_ಲಾಕ್ ಸಾಕು, ಏಕೆಂದರೆ ಈಗಿನ ಲಿನಕ್ಸ್‌ನಲ್ಲಿ ಹಾರ್ಡ್ ಹ್ಯಾಂಡ್ಲರ್ ಓಡುವಾಗ ಆ ಕೋರ್‌ನ ಇಂಟರಪ್ಟ್‌ಗಳು ಮುಚ್ಚಿಯೇ ಇರುತ್ತವೆ. ಸಾಲಿನಲ್ಲಿ ಟೈಮರ್ ಇದ್ದು ಹಾರ್ಡ್ ಇಂಟರಪ್ಟ್ ಇಲ್ಲದಿದ್ದರೆ ಪ್ರೊಸೆಸ್ ಕಡೆ ಸ್ಪಿನ್_ಲಾಕ್_ಬಿಎಚ್ ಸಾಕು. ಬರೀ ಪ್ರೊಸೆಸ್ ಸಂದರ್ಭಗಳೇ ಇದ್ದರೆ ಮ್ಯೂಟೆಕ್ಸ್, ಅಂದರೆ ಸಿಗುವ ತನಕ ನಿದ್ರಿಸಿ ಕಾಯುವ ಲಾಕ್.

ಇಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಎರಡು. ಐಆರ್‌ಕ್ಯೂಸೇವ್‌ಗೆ ಕೊಡುವ, ಆ ಹಿಂದಿನ ಸ್ಥಿತಿ ಇಡುವ ಫ್ಲ್ಯಾಗ್ಸ್ ಅನ್ನು ಗ್ಲೋಬಲ್ ಮಾಡುವುದು ಅಥವಾ ಡಿವೈಸ್ ರಚನೆಯೊಳಗೆ ಇಡುವುದು ಮೊದಲನೆಯದು. ಅದು ಆ ಫಂಕ್ಷನ್‌ನ ಸ್ವಂತ ವೇರಿಯಬಲ್ ಆಗಿರಬೇಕು. ಇಲ್ಲದಿದ್ದರೆ ಒಂದು ಕೋರ್‌ನ ಸ್ಥಿತಿಯನ್ನು ಇನ್ನೊಂದು ಕೋರ್ ಅಳಿಸಿಬಿಡುತ್ತದೆ. ಎರಡನೆಯದು, ಈಗಾಗಲೇ ಇಂಟರಪ್ಟ್ ಮುಚ್ಚಿರುವ ಕಡೆಯಿಂದ ಕರೆಯಲಾಗುವ ಫಂಕ್ಷನ್‌ನಲ್ಲಿ ಸ್ಪಿನ್_ಲಾಕ್_ಐಆರ್‌ಕ್ಯೂ ಬಳಸುವುದು. ಬಿಡುವಾಗ ಅದು ಏನನ್ನೂ ನೋಡದೆ ಇಂಟರಪ್ಟ್ ತೆರೆಯುತ್ತದೆ. ಹೊರಗಿನ ಫಂಕ್ಷನ್ ಇನ್ನೂ ತನ್ನ ಲಾಕ್ ಹಿಡಿದಿರುವಾಗಲೇ ಬಾಗಿಲು ತೆರೆದಂತಾಗಿ, ಮೇಲೆ ಹೇಳಿದ ಡೆಡ್‌ಲಾಕ್ ಹಿಂಬಾಗಿಲಿನಿಂದ ಬರುತ್ತದೆ. ಖಚಿತವಿಲ್ಲದ ಕಡೆ ಯಾವಾಗಲೂ ಐಆರ್‌ಕ್ಯೂಸೇವ್.

## ಹಂತ 3: ಸ್ಪಿನ್‌ಲಾಕ್ ಒಳಗೆ ನಿದ್ರಿಸುವ ಕೆಲಸಗಳನ್ನು ಹೊರಗೆ ತೆಗೆಯಿರಿ

ಸ್ಪಿನ್‌ಲಾಕ್ ಹಿಡಿದಾಗ ಮತ್ತು ಹಾರ್ಡ್ ಹ್ಯಾಂಡ್ಲರ್ ಒಳಗೆ ಯಾವ ಫಂಕ್ಷನ್ನೂ ನಿದ್ರಿಸಬಾರದು, ಅಂದರೆ ಕೋರ್ ಬಿಟ್ಟುಕೊಟ್ಟು ಕಾಯಬಾರದು. ಮ್ಯೂಟೆಕ್ಸ್_ಲಾಕ್, ಎಂಸ್ಲೀಪ್, ಜಿಎಫ್‌ಪಿ_ಕರ್ನಲ್ ಜೊತೆಗಿನ ಕೆಮ್ಯಾಲಕ್, ಕಾಪಿ_ಟು_ಯೂಸರ್, ಐ2ಸಿ (ಚಿಪ್‌ಗಳ ನಡುವಿನ ಎರಡು ತಂತಿಯ ಸಂಪರ್ಕ) ಮೂಲಕ ಹೋಗುವ ವರ್ಗಾವಣೆ, ವೇಟ್_ಫಾರ್_ಕಂಪ್ಲೀಷನ್, ಇವೆಲ್ಲ ನಿದ್ರಿಸಬಲ್ಲವು. ಜಿಪಿಐಒ ಪಿನ್ (ಸಾಫ್ಟ್‌ವೇರ್ ಎತ್ತಿಳಿಸುವ ಪಿನ್) ಐ2ಸಿ ಎಕ್ಸ್‌ಪ್ಯಾಂಡರ್ (ಪಿನ್‌ಗಳನ್ನು ಹೆಚ್ಚಿಸುವ ಚಿಪ್) ಮೇಲೆ ಇದ್ದರೆ ಆ ಪಿನ್ ಎತ್ತಿಳಿಸುವುದೂ ನಿದ್ರಿಸುವ ಕೆಲಸವೇ. ಸರ್ಕ್ಯೂಟ್ ನೋಡದೆ ಡ್ರೈವರ್ ಬರೆದವರು ಇಲ್ಲಿ ಎಡವುತ್ತಾರೆ.

ರೀಡ್ ಕೋಡ್‌ಗೆ ಸರಿಯಾದ ಕ್ರಮ ಹೀಗೆ: ಲಾಕ್ ಹಿಡಿಯಿರಿ, ತೂಕ, ಸಮಯ, ಎಣಿಕೆ ಮೂರನ್ನೂ ಸ್ಥಳೀಯ ವೇರಿಯಬಲ್‌ಗಳಿಗೆ ನಕಲು ಮಾಡಿ, ಲಾಕ್ ಬಿಡಿ, ಆಮೇಲೆ ಅದನ್ನು ಕೇಳಿದ ಪ್ರೋಗ್ರಾಂಗೆ ಕೊಡುವ ಕಾಪಿ_ಟು_ಯೂಸರ್. ಲಾಕ್ ಒಳಗೆ ಉಳಿಯುವುದು ಮೂರು ನಿಯೋಜನೆಗಳು ಮಾತ್ರ.

## ಹಂತ 4: ಹ್ಯಾಂಡ್ಲರ್ ಅನ್ನು ಎರಡು ಭಾಗ ಮಾಡಿ

ಎಚ್‌ಎಕ್ಸ್711 ಓದಲು 25ರಿಂದ 27 ಕ್ಲಾಕ್ ಪಲ್ಸ್ ಕೊಡಬೇಕು. ಅಷ್ಟನ್ನೂ ಹಾರ್ಡ್ ಹ್ಯಾಂಡ್ಲರ್ ಒಳಗೆ ಮಾಡುವುದು ಬೇಡ. ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯೂ ಬಳಸಿ, ಓದುವ ಕೆಲಸವನ್ನು ಥ್ರೆಡ್‌ಗೆ (ಹ್ಯಾಂಡ್ಲರ್‌ನ ಹೊರಗೆ ಕರ್ನಲ್ ಪ್ರತ್ಯೇಕವಾಗಿ ಓಡಿಸುವ ಕೆಲಸ) ಕೊಡಿ. ಮೊದಲ ಹ್ಯಾಂಡ್ಲರ್ ಕೊಡದಿದ್ದರೆ ಐಆರ್‌ಕ್ಯೂಎಫ್_ಒನ್‌ಶಾಟ್ ಕಡ್ಡಾಯ. ಇಲ್ಲದಿದ್ದರೆ ಕರ್ನಲ್ ನೋಂದಣಿಯನ್ನೇ ನಿರಾಕರಿಸುತ್ತದೆ. ಒನ್‌ಶಾಟ್ ಇದ್ದಾಗ ಥ್ರೆಡ್ ಮುಗಿಯುವ ತನಕ ಆ ಇಂಟರಪ್ಟ್ ಲೈನ್ ಮುಚ್ಚಿರುತ್ತದೆ. ಥ್ರೆಡ್ ಪ್ರೊಸೆಸ್ ಸಂದರ್ಭದಲ್ಲಿ ಓಡುವುದರಿಂದ ಮ್ಯೂಟೆಕ್ಸ್ ಹಿಡಿಯಬಹುದು, ನಿದ್ರಿಸಬಹುದು.

ಈ ಚಿಪ್‌ನ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಓದುವಾಗ ಬಿಟ್‌ಗಳೊಂದಿಗೆ ಡೇಟಾ ಪಿನ್ ಮೇಲೆ ಕೆಳಗೆ ಆಡುತ್ತದೆ, ಆ ಪ್ರತಿ ಇಳಿತವೂ ಇಂಟರಪ್ಟ್‌ನಂತೆ ಕಾಣಬಹುದು, ಲೈನ್ ತೆರೆದ ಕೂಡಲೇ ಸುಳ್ಳು ಇಂಟರಪ್ಟ್ ಒಂದು ಬರಬಹುದು. ಆದ್ದರಿಂದ ಥ್ರೆಡ್ ಮೊದಲು ಪಿನ್ ನಿಜವಾಗಿ ಕೆಳಗಿದೆಯೇ ಎಂದು ನೋಡಲಿ. ಇಲ್ಲದಿದ್ದರೆ ಓದದೆ ಹಿಂದಿರುಗಲಿ. ಇನ್ನೊಂದು ಹೆಚ್ಚು ಸೂಕ್ಷ್ಮ. ಕ್ಲಾಕ್ ಪಿನ್ 60 ಮೈಕ್ರೊಸೆಕೆಂಡ್‌ಗಿಂತ ಹೆಚ್ಚು ಹೊತ್ತು ಮೇಲೆಯೇ ಉಳಿದರೆ ಚಿಪ್ ತಾನಾಗಿ ಮಲಗಿಬಿಡುತ್ತದೆ. ಥ್ರೆಡ್ ಓದುತ್ತಿರುವಾಗ ನಡುವೆ ಬೇರೆ ಇಂಟರಪ್ಟ್ ನುಗ್ಗಿದರೆ ಹೀಗಾಗಬಹುದು. ಆಮೇಲೆ ಓದಿದ ಸಂಖ್ಯೆ ಹಾಳು, ಕ್ಲಾಕ್ ಮೇಲೆಯೇ ಉಳಿದರೆ ಇಂಟರಪ್ಟ್ ಬರುವುದೂ ನಿಲ್ಲುತ್ತದೆ, ರೀಡ್ ಕಾಯುತ್ತಲೇ ಇರುತ್ತದೆ. ನೋಡಿದವರಿಗೆ ಥೇಟ್ ಡೆಡ್‌ಲಾಕ್. ಇದಕ್ಕಾಗಿ ಇಡೀ ಓದನ್ನು ಇಂಟರಪ್ಟ್ ಮುಚ್ಚಿ ಮಾಡಬೇಡಿ. ಪ್ರತಿ ಪಲ್ಸ್‌ನಲ್ಲಿ ಕ್ಲಾಕ್ ಮೇಲಿರುವಷ್ಟು ಹೊತ್ತು ಮಾತ್ರ ಲೋಕಲ್_ಐಆರ್‌ಕ್ಯೂ_ಸೇವ್ ಇಟ್ಟು, ಕೆಳಗಿಳಿಸಿದ ಕೂಡಲೇ ತೆರೆಯಿರಿ.

ಥ್ರೆಡ್‌ಗೆ ಬಂದ ಮೇಲೆ ಹೊಸ ಬಗೆಯ ಡೆಡ್‌ಲಾಕ್ ಎದುರಾಗುತ್ತದೆ. ಹೆಚ್ಚು ಜನ ಸೋಲುವುದು ಇಲ್ಲಿ. ರೀಡ್ ಕೋಡ್ ಮ್ಯೂಟೆಕ್ಸ್ ಹಿಡಿದು, ಹೊಸ ಮಾದರಿ ಬರಲಿ ಎಂದು ಕಂಪ್ಲೀಷನ್ (ಒಂದು ಕೆಲಸ ಮುಗಿಯಿತೆಂಬ ಸೂಚನೆ) ಮೇಲೆ ಕಾಯುತ್ತದೆ. ಮಾದರಿ ಬಂದಾಗ ಥ್ರೆಡ್ ಎದ್ದು, ತೂಕ ಬರೆಯಲು ಅದೇ ಮ್ಯೂಟೆಕ್ಸ್ ಕೇಳುತ್ತದೆ. ಸಿಗುವುದಿಲ್ಲ. ಆ ಸೂಚನೆ ಕೊಡುವ ಕಂಪ್ಲೀಟ್ ಫಂಕ್ಷನ್ ಕರೆಯುವ ಸಾಲು ಆ ಮ್ಯೂಟೆಕ್ಸ್‌ನ ಆಚೆಗಿದೆ. ಇಬ್ಬರೂ ನಿದ್ರೆಯಲ್ಲೇ ಉಳಿಯುತ್ತಾರೆ. ಸಿಪಿಯು ಬಳಕೆ ಸೊನ್ನೆ, ಬೋರ್ಡ್‌ನ ಉಳಿದ ಕೆಲಸಗಳೆಲ್ಲ ಸರಾಗ, ತೂಕ ಮಾತ್ರ ಬರುತ್ತಿಲ್ಲ. ಕಂಪ್ಲೀಷನ್‌ಗೆ ಲಾಕ್‌ಗಿರುವಂತೆ ಹಿಡಿದ ಒಡೆಯ ಇರುವುದಿಲ್ಲ, ಆದ್ದರಿಂದ ಮುಂದೆ ಹೇಳುವ ಲಾಕ್‌ಡೆಪ್ (ಕಾನ್ಫಿಗ್_ಪ್ರೂವ್_ಲಾಕಿಂಗ್ ತರುವ, ಲಾಕ್ ತಪ್ಪು ಹಿಡಿಯುವ ಪರಿಶೀಲಕ) ಕೂಡ ಇದನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಕಣ್ಣಿನಿಂದಲೇ ಹಿಡಿಯಬೇಕು.

ಬಿಡಿಸುವ ದಾರಿ: ಎರಡು ಲಾಕ್ ಇಡಿ. ಒಮ್ಮೆಗೆ ಒಬ್ಬ ಓದುಗ ಮಾತ್ರ ಎಂಬುದಕ್ಕೆ ಒಂದು ಮ್ಯೂಟೆಕ್ಸ್, ಅದನ್ನು ಥ್ರೆಡ್ ಎಂದೂ ಮುಟ್ಟಕೂಡದು. ತೂಕದ ಮಾಹಿತಿಗೆ ಇನ್ನೊಂದು, ಅದನ್ನು ಹಿಡಿದು ಯಾರೂ ಕಾಯಕೂಡದು. ಕಾಯುವಾಗ ವೇಟ್_ಫಾರ್_ಕಂಪ್ಲೀಷನ್_ಟೈಮ್‌ಔಟ್ ಬಳಸಿ, ಅವಧಿ ಮುಗಿದರೆ ದೋಷ ಹಿಂದಿರುಗಿಸಿ. ಸೆಕೆಂಡಿಗೆ 10 ಮಾದರಿ ಬರುವ ಚಿಪ್‌ಗೆ ಒಂದು ಸೆಕೆಂಡ್ ಧಾರಾಳ.

## ಹಂತ 5: ಇನ್ನೊಬ್ಬರು ಮುಗಿಸುವ ತನಕ ಕಾಯುವ ಫಂಕ್ಷನ್‌ಗಳನ್ನು ಹುಡುಕಿ

ಡಿಸೇಬಲ್_ಐಆರ್‌ಕ್ಯೂ, ಸಿಂಕ್ರನೈಸ್_ಐಆರ್‌ಕ್ಯೂ, ಫ್ರೀ_ಐಆರ್‌ಕ್ಯೂ, ಟೈಮರ್_ಡಿಲೀಟ್_ಸಿಂಕ್, ಕ್ಯಾನ್ಸಲ್_ವರ್ಕ್_ಸಿಂಕ್. ಹಳೆಯ ಕರ್ನಲ್‌ಗಳಲ್ಲಿ ಟೈಮರಿನದು ಡೆಲ್_ಟೈಮರ್_ಸಿಂಕ್ ಎಂಬ ಹೆಸರಿನಲ್ಲಿದೆ. ಇವೆಲ್ಲ ಓಡುತ್ತಿರುವ ಹ್ಯಾಂಡ್ಲರ್, ಟೈಮರ್ ಅಥವಾ ಕೆಲಸ ಮುಗಿಯುವ ತನಕ ಹಿಂದಿರುಗುವುದಿಲ್ಲ. ಹೆಸರು ನೋಡಿದರೆ ಲಾಕ್ ಎನಿಸದ ಕಾರಣ ಜನ ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೋಡ್‌ನಲ್ಲಿ ಇವು ಇರುವ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಈ ಸಾಲಿಗೆ ಬಂದಾಗ ನಾನು ಹಿಡಿದಿರುವ ಲಾಕ್‌ಗಳಲ್ಲಿ ಯಾವುದನ್ನಾದರೂ ಆ ಹ್ಯಾಂಡ್ಲರ್, ಆ ಟೈಮರ್ ಕೇಳುತ್ತದೆಯೇ? ಕೇಳುವುದಾದರೆ ಅದು ಡೆಡ್‌ಲಾಕ್. ಮೊದಲು ಲಾಕ್ ಬಿಟ್ಟು, ಆಮೇಲೆ ಕರೆಯಿರಿ.

ಹ್ಯಾಂಡ್ಲರ್ ಒಳಗಿನಿಂದಲೇ ತನ್ನ ಲೈನ್‌ಗೆ ಡಿಸೇಬಲ್_ಐಆರ್‌ಕ್ಯೂ ಕರೆಯುವುದನ್ನು ಎಷ್ಟೋ ತೂಕದ ಯಂತ್ರಗಳ ಡ್ರೈವರ್‌ಗಳಲ್ಲಿ ಕಂಡಿದ್ದೇನೆ. ಸುಳ್ಳು ಇಂಟರಪ್ಟ್ ತಡೆಯುವುದು ಅವರ ಉದ್ದೇಶ. ಆದರೆ ಹ್ಯಾಂಡ್ಲರ್ ತಾನೇ ಮುಗಿಯಲಿ ಎಂದು ತಾನೇ ಕಾಯುತ್ತದೆ. ಅಲ್ಲಿ ಡಿಸೇಬಲ್_ಐಆರ್‌ಕ್ಯೂ_ನೋಸಿಂಕ್ ಬಳಸಬೇಕು. ಅದೇ ರೀತಿ ಹಾರ್ಡ್ ಹ್ಯಾಂಡ್ಲರ್‌ನಿಂದ ಟೈಮರ್_ಡಿಲೀಟ್_ಸಿಂಕ್ ಕರೆಯಬಾರದು.

ಡ್ರೈವರ್ ತೆಗೆಯುವಾಗಿನ ಕ್ರಮವನ್ನೂ ಇಲ್ಲೇ ಸರಿಪಡಿಸಿಕೊಳ್ಳಿ. ಮೊದಲು ಸಾಧನಕ್ಕೆ ಇಂಟರಪ್ಟ್ ಕೊಡಬೇಡ ಎಂದು ಹೇಳಿ, ನಂತರ ಫ್ರೀ_ಐಆರ್‌ಕ್ಯೂ, ನಂತರ ಟೈಮರ್, ನಂತರ ವರ್ಕ್, ಕೊನೆಗೆ ಮೆಮೊರಿ. ಹ್ಯಾಂಡ್ಲರ್ ವರ್ಕ್ ಹಾಕುತ್ತದೆ, ಆದ್ದರಿಂದ ವರ್ಕ್ ಅನ್ನು ಮೊದಲು ರದ್ದು ಮಾಡಿದರೆ ಅದು ಮತ್ತೆ ಬಂದು ಕೂರುತ್ತದೆ. ಟೈಮರ್ ಮತ್ತು ವರ್ಕ್ ಒಂದನ್ನೊಂದು ಎಬ್ಬಿಸುವ ಡ್ರೈವರ್ ಆಗಿದ್ದರೆ, ಮತ್ತೆ ಹೂಡಲಾಗದಂತೆ ಮುಚ್ಚುವ ಟೈಮರ್_ಶಟ್‌ಡೌನ್_ಸಿಂಕ್ ಹೊಸ ಕರ್ನಲ್‌ಗಳಲ್ಲಿದೆ.

## ಹಂತ 6: ಲಾಕ್‌ಗಳ ಕ್ರಮ ಗೊತ್ತುಮಾಡಿ

ಎರಡು ಲಾಕ್ ಒಟ್ಟಿಗೆ ಬೇಕಾದರೆ ಎಲ್ಲ ಕಡೆ ಒಂದೇ ಕ್ರಮ. ಮ್ಯೂಟೆಕ್ಸ್ ಹೊರಗೆ, ಸ್ಪಿನ್‌ಲಾಕ್ ಒಳಗೆ, ತಿರುಗುಮುರುಗು ಮಾಡಲೇಬಾರದು. ಈ ಕ್ರಮವನ್ನು ಫೈಲಿನ ತಲೆಯಲ್ಲಿ ಕಾಮೆಂಟ್ ಆಗಿ ಬರೆಯಿರಿ. ಲಾಕ್ ಹಿಡಿದೇ ಕರೆಯಬೇಕಾದ ಫಂಕ್ಷನ್‌ನ ಮೊದಲ ಸಾಲಿನಲ್ಲಿ ಲಾಕ್‌ಡೆಪ್_ಅಸರ್ಟ್_ಹೆಲ್ಡ್ ಇಡಿ. ಕಾಮೆಂಟ್‌ಗಿಂತ ಅದು ಗಟ್ಟಿ.

## ಹಂತ 7: ಲಾಕ್‌ಡೆಪ್ ಎದುರು ನಿಲ್ಲಿಸಿ

ಪರೀಕ್ಷಾ ಕರ್ನಲ್ ಹಾಕಿ ಡ್ರೈವರ್‌ನ ಎಲ್ಲ ದಾರಿಗಳನ್ನೂ ಒಮ್ಮೆಯಾದರೂ ಓಡಿಸಿ: ತೆರೆಯುವುದು, ಓದುವುದು, ಟೈಮ್‌ಔಟ್, ಸೆನ್ಸರ್ ತಂತಿ ಕಿತ್ತಾಗಿನ ದಾರಿ, ಸಸ್ಪೆಂಡ್, ಮಾಡ್ಯೂಲ್ ತೆಗೆಯುವುದು. ಲಾಕ್‌ಡೆಪ್‌ಗೆ ನಿಜವಾದ ಡೆಡ್‌ಲಾಕ್ ಆಗಬೇಕಿಲ್ಲ. ಒಂದು ಲಾಕ್ ಅನ್ನು ಒಮ್ಮೆ ಇಂಟರಪ್ಟ್ ತೆರೆದಿರುವಾಗ ಹಿಡಿದದ್ದು, ಇನ್ನೊಮ್ಮೆ ಹ್ಯಾಂಡ್ಲರ್ ಒಳಗೆ ಹಿಡಿದದ್ದು ಕಂಡರೆ ಸಾಕು, ದೂರು ಕೊಡುತ್ತದೆ.

ಆ ದೂರು ‘ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್’ ಎಂದು ಶುರುವಾಗುತ್ತದೆ. ಅದರಡಿ ‘ಹಾರ್ಡ್‌ಐಆರ್‌ಕ್ಯೂ-ಆನ್-ಡಬ್ಲ್ಯೂ’ ಮತ್ತು ‘ಇನ್-ಹಾರ್ಡ್‌ಐಆರ್‌ಕ್ಯೂ-ಡಬ್ಲ್ಯೂ’ ಎಂಬ ಜೋಡಿ ಕಂಡರೆ ಹಂತ 2ಕ್ಕೆ ಹಿಂದಿರುಗಿ. ‘ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ’ ಎಂದಿದ್ದರೆ ಹಂತ 6, ಕೆಲವೊಮ್ಮೆ ಕ್ಯಾನ್ಸಲ್_ವರ್ಕ್_ಸಿಂಕ್‌ನಿಂದಾಗಿ ಹಂತ 5. ‘ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್’ ಎಂದರೆ ಹಂತ 3.

ಮೊದಲ ದೂರು ಕೊಟ್ಟ ಮೇಲೆ ಲಾಕ್‌ಡೆಪ್ ತಾನೇ ನಿಂತುಬಿಡುತ್ತದೆ. ಒಂದನ್ನು ಸರಿಪಡಿಸಿ, ರೀಬೂಟ್ ಮಾಡಿ, ಮತ್ತೆ ಎಲ್ಲ ದಾರಿ ಓಡಿಸಿ. ಬೇರೆ ಯಾವುದೋ ಡ್ರೈವರ್‌ನ ದೂರು ಬೂಟ್ ಆಗುವಾಗಲೇ ಬಂದಿದ್ದರೆ ನಿಮ್ಮ ಕೋಡ್ ಪರೀಕ್ಷೆಗೇ ಒಳಗಾಗಿಲ್ಲ ಎಂದರ್ಥ.

ಇನ್ನೂ ಒಂದು ಬಲೆ ಇದೆ. ಮಾಡ್ಯೂಲ್‌ನ ಲೈಸೆನ್ಸ್ ಸಾಲು ಲಿನಕ್ಸ್ ಕರ್ನಲ್‌ನ ಮುಕ್ತ ಪರವಾನಗಿಯಾದ ಜಿಪಿಎಲ್‌ಗೆ ಹೊಂದದಿದ್ದರೆ ಕರ್ನಲ್ ಅದನ್ನು ಪ್ರೊಪ್ರೈಟರಿ ಎಂದು ಗುರುತಿಸಿ, ಲಾಕ್ ಡಿಬಗ್ಗಿಂಗ್ ನಿಲ್ಲಿಸಿದೆ ಎಂಬ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಆ ಸಾಲಿದ್ದರೆ, ದೂರು ಬಂದಿಲ್ಲ ಎಂದು ನೆಮ್ಮದಿಪಡಲು ಕಾರಣವೇ ಇಲ್ಲ.

## ಹಂತ 8: ಡಿಕ್ಕಿಯನ್ನು ಬೇಕೆಂದೇ ಮಾಡಿಸಿ

ಪ್ರಾಕ್ ಇಂಟರಪ್ಟ್ಸ್ ಫೈಲಿನಲ್ಲಿ ನಿಮ್ಮ ಲೈನ್‌ನ ಸಂಖ್ಯೆ ನೋಡಿ. ಆ ಸಂಖ್ಯೆಯ ಎಸ್‌ಎಂಪಿ_ಅಫಿನಿಟಿ ಫೈಲಿಗೆ 1 ಬರೆದರೆ ಇಂಟರಪ್ಟ್ ಸೊನ್ನೆಯನೇ ಕೋರ್‌ಗೆ ಮಾತ್ರ ಬರುತ್ತದೆ. ಆ ಜಿಪಿಐಒ ಲೈನ್ ಅದನ್ನು ಒಪ್ಪದಿದ್ದರೆ ಯಾವ ಕೋರ್‌ನಲ್ಲಿ ಎಣಿಕೆ ಏರುತ್ತಿದೆ ನೋಡಿ, ಅದನ್ನೇ ಆರಿಸಿ. ಓದುವ ಪ್ರೋಗ್ರಾಂ ಅನ್ನು ಟಾಸ್ಕ್‌ಸೆಟ್ ಎಂಬ ಆದೇಶದಿಂದ ಅದೇ ಕೋರ್‌ಗೆ ಕಟ್ಟಿಹಾಕಿ. ಪರೀಕ್ಷೆಗಾಗಿ ಲಾಕ್ ಒಳಗೆ ಒಂದು ಯುಡಿಲೇ (ನಿದ್ರಿಸದೆ ಸುತ್ತುತ್ತಾ ಕಳೆಯುವ ವಿಳಂಬ) ಸೇರಿಸಿ, ಅಪಾಯದ ಕಿಟಕಿ ದೊಡ್ಡದಾಗಲಿ. ಚಿಪ್‌ನ ರೇಟ್ ಪಿನ್ ಮೇಲಕ್ಕೆ ಕಟ್ಟಿ ಸೆಕೆಂಡಿಗೆ 80 ಮಾದರಿ ಬರುವಂತೆ ಮಾಡಿ. ಡೈರಿಯಲ್ಲಿ ತಿಂಗಳಿಗೊಮ್ಮೆ ಕಾಣಿಸುವ ತಪ್ಪು ಈಗ ಕಣ್ಣೆದುರಿಗೇ ಬರುತ್ತದೆ.

ಆಮೇಲೆ ಒಂದು ಕಡೆ ಓದು ನಡೆಯುತ್ತಿರುವಾಗಲೇ ಡ್ರೈವರನ್ನು ಸಾಧನದಿಂದ ಬಿಡಿಸಿ ಮತ್ತೆ ಕಟ್ಟುವ ಲೂಪ್ ಓಡಿಸಿ. ಹಂತ 5ರ ತಪ್ಪುಗಳು ಹೊರಬೀಳುವುದು ಇದರಲ್ಲಿ. ಹ್ಯಾಂಡ್ಲರ್ ಒಳಗೆ, ಕನ್ಸೋಲ್‌ಗೆ ಬರೆಯುವ ಪ್ರಿಂಟ್‌ಕೆ ಹಾಕಿ ಹುಡುಕಬೇಡಿ. ನಿಧಾನದ ಸೀರಿಯಲ್ ಕನ್ಸೋಲ್ ಸಮಯವನ್ನೇ ಬದಲಿಸಿ ತಪ್ಪನ್ನು ಮುಚ್ಚಿಬಿಡುತ್ತದೆ. ಮೆಮೊರಿಗೆ ಬರೆಯುವ ಟ್ರೇಸ್_ಪ್ರಿಂಟ್‌ಕೆ ಬಳಸಿ.

ಡೈರಿಗೆ ಕಳಿಸುವ ಯಂತ್ರದ ಕರ್ನಲ್ ರಿಯಲ್‌ಟೈಮ್ ಆಗಿದ್ದರೆ ಪರೀಕ್ಷೆಯೂ ಅದರಲ್ಲೇ ಆಗಬೇಕು. ಆ ಬಗೆಯ ಕರ್ನಲ್ ಕಟ್ಟುವ ಪ್ರಿಎಂಪ್ಟ್_ಆರ್‌ಟಿ ಆಯ್ಕೆ 2024ರ 6.12 ಆವೃತ್ತಿಯಿಂದ ಮುಖ್ಯ ಲಿನಕ್ಸ್‌ನಲ್ಲೇ ಇದೆ. ಅಲ್ಲಿ ಸಾಮಾನ್ಯ ಸ್ಪಿನ್‌ಲಾಕ್ ನಿದ್ರಿಸಬಲ್ಲ ಲಾಕ್ ಆಗುತ್ತದೆ, ಆದ್ದರಿಂದ ಲೋಕಲ್_ಐಆರ್‌ಕ್ಯೂ_ಸೇವ್ ಕರೆದು ಅದರೊಳಗೆ ಸ್ಪಿನ್_ಲಾಕ್ ಹಿಡಿಯುವ ಹಳೆಯ ರೂಢಿ ಅಲ್ಲಿ ತಪ್ಪು.

## ನಿಂತ ಬೋರ್ಡ್ ಏನು ಹೇಳುತ್ತಿದೆ

‘ಟಾಸ್ಕ್ ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್’ ಎಂದರೆ ಯಾರೋ ನಿದ್ರೆಯಲ್ಲಿ ಕಾಯುತ್ತಿದ್ದಾರೆ: ಮ್ಯೂಟೆಕ್ಸ್ ಮತ್ತು ಕಂಪ್ಲೀಷನ್ ಜೋಡಿ, ಹಂತ 4. ‘ಸಾಫ್ಟ್ ಲಾಕಪ್’ ಎಂದರೆ ಒಂದು ಕೋರ್ ಇಂಟರಪ್ಟ್ ತೆರೆದೇ 20 ಸೆಕೆಂಡ್‌ಗೂ ಹೆಚ್ಚು ಹೊತ್ತು ಸುತ್ತುತ್ತಿದೆ. ಹೆಚ್ಚಾಗಿ ಇದು ಸತ್ತ ಕೋರ್ ಹಿಡಿದಿರುವ ಲಾಕ್‌ಗಾಗಿ ಕಾಯುವ ಎರಡನೆಯ ಕೋರ್, ಅಪರಾಧಿಯಲ್ಲ. ಹ್ಯಾಂಡ್ಲರ್‌ನಲ್ಲೇ ಸಿಕ್ಕಿಬಿದ್ದ ಕೋರ್ ತಾನು ಏನೂ ಹೇಳಲಾರದು, ಉಳಿದ ಕೋರ್‌ಗಳು, ಒಂದು ಕೋರ್ ಸ್ಪಂದಿಸುತ್ತಿಲ್ಲ ಎಂಬರ್ಥದಲ್ಲಿ, ‘ಆರ್‌ಸಿಯು ಸ್ಟಾಲ್’ ಎಂದು ದೂರುತ್ತವೆ.

ಸೀರಿಯಲ್‌ನಲ್ಲಿ ಬ್ರೇಕ್ (ಮ್ಯಾಜಿಕ್ ಸಿಸ್‌ಆರ್‌ಕ್ಯೂ ಎಬ್ಬಿಸುವ ಸಂಕೇತ) ಕಳಿಸಿ ಇಂಗ್ಲಿಷಿನ ಡಿ ಒತ್ತಿದರೆ ಹಿಡಿದಿರುವ ಲಾಕ್‌ಗಳ ಪಟ್ಟಿ, ಡಬ್ಲ್ಯೂ ಒತ್ತಿದರೆ ನಿದ್ರೆಯಲ್ಲಿ ಸಿಕ್ಕಿದ ಟಾಸ್ಕ್‌ಗಳು, ಎಲ್ ಒತ್ತಿದರೆ ಪ್ರತಿ ಕೋರ್ ಎಲ್ಲಿ ನಿಂತಿದೆ ಎಂಬುದು ಬರುತ್ತದೆ. ಅನೇಕ ಆರ್ಮ್ ಬೋರ್ಡ್‌ಗಳಲ್ಲಿ ಇಂಟರಪ್ಟ್ ಮುಚ್ಚಿಕೊಂಡು ಸುತ್ತುವ ಕೋರ್ ಎಲ್‌ಗೆ ಉತ್ತರಿಸುವುದಿಲ್ಲ. ಉತ್ತರ ಕೊಡದ ಕೋರ್ ಯಾವುದು ಎಂದು ಗುರುತು ಹಾಕಿಕೊಳ್ಳಿ, ಹುಡುಕಾಟ ಅಲ್ಲಿಂದ ಶುರು.

ಈಗಾಗಲೇ ಊರುಗಳಲ್ಲಿ ಕೂತಿರುವ ಯಂತ್ರಗಳಲ್ಲಿ ವಾಚ್‌ಡಾಗ್ ಇರಲಿ, ತೆಗೆಯಬೇಡಿ. ಆದರೆ ಹಂಗ್_ಟಾಸ್ಕ್_ಪ್ಯಾನಿಕ್ ಮತ್ತು ಸಾಫ್ಟ್‌ಲಾಕಪ್_ಪ್ಯಾನಿಕ್ ಎರಡನ್ನೂ 1 ಮಾಡಿ, ಬೂಟ್ ಸಾಲಿಗೆ ಪ್ಯಾನಿಕ್=10 (ಕರ್ನಲ್ ಕೈಚೆಲ್ಲಿದ 10 ಸೆಕೆಂಡಿಗೆ ರೀಬೂಟ್) ಸೇರಿಸಿ, ರ‍್ಯಾಮ್‌ಊಪ್ಸ್‌ಗೆ (ರೀಬೂಟ್ ಆದರೂ ಕರ್ನಲ್ ಲಾಗ್ ಉಳಿಸುವ ಸೌಲಭ್ಯ) ಸ್ವಲ್ಪ ಮೆಮೊರಿ ಕಾದಿರಿಸಿ. ವಾಚ್‌ಡಾಗ್ ಅವಧಿ ಕರ್ನಲ್‌ನ ದೂರಿಗಿಂತ ಮೊದಲೇ ಮುಗಿಯದಂತೆ ನೋಡಿಕೊಳ್ಳಿ. ಬೋರ್ಡ್ ನಿಂತಾಗ ಕರ್ನಲ್ ತನ್ನ ಕೊನೆಯ ಮಾತುಗಳನ್ನು ಅಲ್ಲಿ ಬರೆದು ರೀಬೂಟ್ ಆಗುತ್ತದೆ, ಮುಂದಿನ ಬೂಟ್‌ನಲ್ಲಿ ಪಿಸ್ಟೋರ್ ಫೋಲ್ಡರ್‌ನಲ್ಲಿ ಫೈಲ್ ಸಿಗುತ್ತದೆ. ಡೈರಿಯ ಕಾರ್ಯದರ್ಶಿಗೆ ಮೊದಲೇ ಹೇಳಿಡಿ: ಯಂತ್ರ ನಿಂತರೆ ಕೂಡಲೇ ಪ್ಲಗ್ ಕೀಳಬೇಡಿ, ಐದು ನಿಮಿಷ ಬಿಡಿ. ಕರೆಂಟ್ ಹೋದರೆ ರ‍್ಯಾಮ್‌ನಲ್ಲಿರುವ ಆ ಫೈಲೂ ಹೋಗುತ್ತದೆ.